ದಾವಣಿ ಕಟ್ಟಿದ ಮೇಲೆ ನಮ್ಮ ಸೈಕಲ್‌ಗಳು ಉಳಿದವು

ದಾವಣಗೆರೆಯಿಂದ ಭಾನುವಾರದ ಗುಂಪು ಸವಾರಿಗೆ ಹೊರಡುವ ನಮ್ಮ ತಂಡದಲ್ಲಿ ಕಳೆದ ಹದಿನಾಲ್ಕು ತಿಂಗಳಿಂದ ಸೈಕಲ್ ಇರಲಿ, ಒಂದು ಚಕ್ರವೂ ಕಳುವಾಗಿಲ್ಲ. ಅದಕ್ಕೂ ಹಿಂದಿನ ಎರಡು ವರ್ಷಗಳಲ್ಲಿ ಎರಡು ಸೈಕಲ್, ಒಂದು ಮುಂದಿನ ಚಕ್ರ ಮತ್ತು ಲೆಕ್ಕಕ್ಕೆ ಸಿಗದಷ್ಟು ದೀಪ, ಪಂಪುಗಳನ್ನು ಕಳೆದುಕೊಂಡಿದ್ದೆವು. ಎತ್ತುಗಳನ್ನು ದಾವಣಿ ಹಗ್ಗಕ್ಕೆ ಸಾಲಾಗಿ ಕಟ್ಟುವಂತೆ ಎಲ್ಲ ಸೈಕಲ್‌ಗಳನ್ನೂ ಒಂದೇ ಸರಪಳಿಗೆ ಕಟ್ಟುವ ಉಪಾಯವನ್ನು ನಾನು ಮುಂದಿಟ್ಟಾಗ, ಸರಪಳಿ ಹೊತ್ತು ಸೈಕಲ್ ತುಳಿಯುವವರು ಯಾರು ಎಂದು ತಂಡದ ಹಿರಿಯರೇ ಕೇಳಿದ್ದರು. ಆದ್ದರಿಂದ ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಮೊದಲ ಕಳವು ನಡೆದದ್ದು ಹರಿಹರದ ಬಳಿ, ಹೆದ್ದಾರಿ ಬದಿಯ ಒಂದು ಹೋಟೆಲಿನ ಮುಂದೆ. ಅಂದು ನಾವು ಇಪ್ಪತ್ತೆರಡು ಮಂದಿ ಇದ್ದೆವು. ಎಲ್ಲರೂ ಕಿಟಕಿಯ ಪಕ್ಕದಲ್ಲೇ ಕುಳಿತು ತಿಂಡಿ ತಿನ್ನುತ್ತಿದ್ದೆವು, ಸೈಕಲ್‌ಗಳು ಕಣ್ಣೆದುರಿಗೇ ಇದ್ದವು. ಹೆಲ್ಮೆಟ್ ಧರಿಸಿದ ಒಬ್ಬ ಯುವಕ ಬಂದು, ಅವಸರವಿಲ್ಲದೆ ಒಂದು ಸೈಕಲನ್ನು ಎಳೆದುಕೊಂಡು ಹತ್ತಿ ಹೋದದ್ದನ್ನು ನಮ್ಮಲ್ಲಿ ಕನಿಷ್ಠ ಆರು ಮಂದಿ ನೋಡಿದ್ದರು. ಅಂದು ಹೊಸಬರು ಏಳೆಂಟು ಮಂದಿ ಬಂದಿದ್ದರಿಂದ, ಅವನು ನಮ್ಮವನೇ ಇರಬೇಕು, ಬೇಗ ಮನೆಗೆ ಹೊರಟಿರಬೇಕು ಎಂದು ಪ್ರತಿಯೊಬ್ಬರೂ ಅಂದುಕೊಂಡರು. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂಬ ಮಾತಿನ ಅರ್ಥ ನನಗೆ ಅಂದು ತಿಳಿಯಿತು. ಕಳೆದುಹೋದದ್ದು ಸುಮಾರು ಇಪ್ಪತ್ತೆಂಟು ಸಾವಿರ ರೂಪಾಯಿಯ ಹೈಬ್ರಿಡ್ ಸೈಕಲ್, ಅದೂ ಕಂತಿನಲ್ಲಿ ಕೊಂಡದ್ದು. ನಾವೆಲ್ಲ ತಲಾ ಐನೂರರಂತೆ ಹಾಕಿ ಹನ್ನೊಂದು ಸಾವಿರದಷ್ಟು ಕೂಡಿಸಿಕೊಟ್ಟರೂ, ಆ ಗೆಳೆಯರು ಆರು ತಿಂಗಳು ಸವಾರಿಗೆ ಬರಲಿಲ್ಲ.

ಆಮೇಲೆ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಮುನ್ನೂರೈವತ್ತು ರೂಪಾಯಿಯ ಕೇಬಲ್ ಬೀಗಗಳನ್ನು ಒಟ್ಟಿಗೆ ತರಿಸಿದೆವು. ಎರಡನೆಯ ಸೈಕಲ್ ಕಳುವಾದಾಗ ಅಂಥದ್ದೇ ಒಂದು ಬೀಗ ತುಂಡಾಗಿ ನೆಲದ ಮೇಲೆ ಬಿದ್ದಿತ್ತು. ಮನೆಯಲ್ಲಿ ನಾನೇ ಕಟಿಂಗ್ ಪ್ಲೇಯರ್ ಹಿಡಿದು ಪರೀಕ್ಷಿಸಿದಾಗ, ಅದರ ಎಳೆಗಳನ್ನು ಒಂದು ನಿಮಿಷದೊಳಗೆ ಕತ್ತರಿಸಲು ಸಾಧ್ಯವಾಯಿತು. ಉಕ್ಕಿನ ಸರಳನ್ನು ಯು ಆಕಾರಕ್ಕೆ ಬಗ್ಗಿಸಿ ಮಾಡಿದ ಯು ಬೀಗ ಗಟ್ಟಿಯಾದದ್ದೇ. ಆದರೆ ಒಂದಕ್ಕೆ ಸಾವಿರದ ಎಂಟುನೂರು ಕೊಟ್ಟು ತಂದ ಮೇಲೆ, ಅದನ್ನು ಬಿಗಿಯಲು ನಮ್ಮ ಕಡೆಯ ಹೋಟೆಲುಗಳ ಮುಂದೆ ಸರಿಯಾದ ಕಂಬವೇ ಇರುವುದಿಲ್ಲ. ಚಕ್ರಕ್ಕೂ ಫ್ರೇಮಿಗೂ ಬೀಗ ಹಾಕಿ ನಿಲ್ಲಿಸಿದ ಸೈಕಲನ್ನು ಇಬ್ಬರು ಎತ್ತಿ ಲಗೇಜ್ ಆಟೋಕ್ಕೆ ಹಾಕಿಕೊಂಡು ಹೋಗಬಹುದು. ಸರದಿಯ ಮೇಲೆ ಒಬ್ಬರನ್ನು ಕಾವಲಿಗೆ ನಿಲ್ಲಿಸುವ ಪದ್ಧತಿ ನಾಲ್ಕು ವಾರ ನಡೆಯಿತು. ಬಿಸಿ ಬಿಸಿ ಮಿರ್ಚಿ ಬಂದಾಗ ಹೊರಗೆ ನಿಂತವರಿಗೆ ಅನ್ಯಾಯವಾಗುತ್ತದೆ ಎಂದು ಐದನೆಯ ವಾರ ಯಾರೂ ಒಪ್ಪಲಿಲ್ಲ.

ನಮ್ಮ ಅಜ್ಜನ ಊರಿನಲ್ಲಿ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋದರೆ, ಎರಡು ಗೂಟಗಳ ನಡುವೆ ದಾವಣಿ ಹಗ್ಗ ಬಿಗಿದು, ಒಂದೊಂದು ಎತ್ತನ್ನೂ ಕಣ್ಣಿಯಿಂದ ಅದಕ್ಕೆ ಕಟ್ಟುತ್ತಿದ್ದರು. ರಾತ್ರಿ ಯಾರಾದರೂ ಒಂದು ಎತ್ತಿಗೆ ಕೈ ಹಾಕಿದರೆ ಇಡೀ ಸಾಲು ಅಲುಗಾಡಿ, ಕೊರಳ ಗಂಟೆಗಳು ಸದ್ದು ಮಾಡಿ, ಮಲಗಿದ್ದವರು ಏಳುತ್ತಿದ್ದರು. ಸೈಕಲ್‌ಗಳಿಗೂ ಹೀಗೆಯೇ ಏಕೆ ಮಾಡಬಾರದು ಎಂದು ಯೋಚಿಸಿ, ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಆರು ಮಿಲಿಮೀಟರಿನ ಕಬ್ಬಿಣದ ಸರಪಳಿ ಕೇಳಿದೆ. "ಏನ್ರೀ ಸರ್, ಎತ್ತು ಕಟ್ಟೋಕಾ?" ಎಂದು ಅಂಗಡಿಯವರು ಕೇಳಿದರು.

ಮೊದಲು ತಂದದ್ದು ಎಂಟು ಮೀಟರಿನ ಒಂದೇ ಸರಪಳಿ. ಮೀಟರಿಗೆ ಹೆಚ್ಚುಕಡಿಮೆ ಎಂಟುನೂರು ಗ್ರಾಂ ಎಂದರೆ ಒಟ್ಟು ಆರೂವರೆ ಕೆಜಿ. ಅದನ್ನು ಬೆನ್ನಿಗೆ ಹಾಕಿಕೊಂಡು ನಾನು ಕೊಂಡಜ್ಜಿಯವರೆಗೆ ತುಳಿದೆ. ಮರುದಿನ ಭುಜ ಎತ್ತಲಾಗಲಿಲ್ಲ, ಹಿರಿಯರ ಮಾತೇ ನಿಜವಾಯಿತು ಎನ್ನಿಸಿತು. ಬಳಿಕ ಅದನ್ನು ಎರಡೆರಡು ಮೀಟರಿನ ನಾಲ್ಕು ತುಂಡು ಮಾಡಿಸಿದೆ. ಒಂದು ತುಂಡು ಒಂದೂವರೆ ಕೆಜಿ ದಾಟಿ ಸ್ವಲ್ಪ ಹೆಚ್ಚು ತೂಗುತ್ತದೆ. ವಾರಕ್ಕೆ ನಾಲ್ವರು ಸರದಿಯಂತೆ ಹೊರುತ್ತಾರೆ, ಸೀಟಿನ ಕೆಳಗಿನ ಕೊಳವೆಗೆ ಸುತ್ತಿದರೆ ತುಳಿಯುವಾಗ ಅಷ್ಟಾಗಿ ತಿಳಿಯುವುದೂ ಇಲ್ಲ. ಬಣ್ಣ ಕೆರೆಯಬಾರದೆಂದು ಪಂಕ್ಚರ್ ಅಂಗಡಿಯಿಂದ ಹಳೆಯ ಟ್ಯೂಬುಗಳನ್ನು ತಂದು ಹೊದಿಸಿದೆ. ಅವುಗಳಿಗೆ ಅಂಗಡಿಯಣ್ಣ ದುಡ್ಡು ತೆಗೆದುಕೊಳ್ಳಲಿಲ್ಲ. ತುಂಡುಗಳನ್ನು ಜೋಡಿಸಲು ಮೂರು, ತುದಿಗಳಿಗೆ ಎರಡು, ಹೀಗೆ ಐದು ಬೀಗಗಳು ಬೇಕು. ಐದಕ್ಕೂ ಒಂದೇ ಕೀಲಿಕೈ ಇರುವಂಥವನ್ನು ಕೇಳಿ ತರಿಸಬೇಕು. ಮೊದಲ ಸಲ ಬೇರೆ ಬೇರೆ ಕೀಲಿಕೈ ತಂದು, ಒಂದನ್ನು ಕಳೆದುಕೊಂಡು, ಬೀಗ ಒಡೆಸಲು ಇನ್ನೂರು ರೂಪಾಯಿ ಕೊಟ್ಟೆ. ಎಲ್ಲ ಸೇರಿ ಎರಡು ಸಾವಿರದ ಇನ್ನೂರು, ಮುನ್ನೂರರ ಒಳಗೆ ಮುಗಿದ ನೆನಪು. ಇಪ್ಪತ್ತು ಸೈಕಲ್‌ಗಳಿಗೆ ಹಂಚಿದರೆ ತಲೆಗೆ ನೂರಹದಿನೈದು ಬೀಳುತ್ತದೆ.

ನಿಲ್ಲಿಸುವ ಕ್ರಮದಲ್ಲಿಯೇ ಎಲ್ಲ ಇದೆ. ಸೈಕಲ್‌ಗಳನ್ನು ಒಂದರ ಪಕ್ಕಕ್ಕೊಂದು, ಒಂದರ ಹ್ಯಾಂಡಲ್ ಇನ್ನೊಂದರ ಸೀಟಿನ ಕಡೆ ಬರುವಂತೆ ಹಿಂದುಮುಂದಾಗಿ ನಿಲ್ಲಿಸಬೇಕು. ಹಾಗೆ ಮಾಡಿದರೆ ಎರಡು ಮೀಟರಿನ ತುಂಡಿಗೆ ಐದು ಸೈಕಲ್ ಹಿಡಿಯುತ್ತವೆ. ಸರಪಳಿ ಚಕ್ರದ ಮೂಲಕ ಅಲ್ಲ, ಫ್ರೇಮಿನ ತ್ರಿಕೋನದ ಮೂಲಕವೇ ಹಾಯಬೇಕು. ತುದಿಯ ಸೈಕಲ್‌ಗಳಿಗೆ, ಮರವೋ ಕಂಬವೋ ಸಿಕ್ಕರೆ ಅದನ್ನೂ ಸೇರಿಸಿ, ಹಳೆಯ ಯು ಬೀಗಗಳನ್ನು ಹಾಕುತ್ತೇವೆ. ಏನೂ ಸಿಗದಿದ್ದರೂ ಚಿಂತೆಯಿಲ್ಲ, ಇಪ್ಪತ್ತು ಸೈಕಲ್‌ಗಳನ್ನು ಒಟ್ಟಿಗೆ ಎತ್ತಿಕೊಂಡು ಹೋಗುವವರಿಲ್ಲ. ಈ ಸರಪಳಿ ಕತ್ತರಿಸಲಾಗದ್ದೇನೂ ಅಲ್ಲ. ಹ್ಯಾಕ್ಸಾ ಬ್ಲೇಡಿನಿಂದ ಒಂದು ಕೊಂಡಿ ಕೊಯ್ಯಲು ನನಗೆ ನಾಲ್ಕು ನಿಮಿಷ ಹಿಡಿಯಿತು. ಆದರೆ ಕೊಂಡಿ ಕೈಯಲ್ಲಿ ನಿಲ್ಲದೆ ಜಾರುತ್ತದೆ, ಸದ್ದು ಬಹಳ. ಕೀಲಿಕೈ ಯಾರ ಬಳಿ ಇರುತ್ತದೆ, ಅದನ್ನು ಹೇಗೆ ಬದಲಿಸುತ್ತೇವೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಬೇಗ ಹೊರಡುವವರ ಸಮಸ್ಯೆ ಮೂರು ತಿಂಗಳು ನಮ್ಮನ್ನು ಕಾಡಿತು. ಮಧ್ಯದಲ್ಲಿ ನಿಂತ ಸೈಕಲ್ ಬೇಕೆಂದರೆ ಇಡೀ ಸಾಲು ಬಿಚ್ಚಬೇಕು. ಬಿಚ್ಚಿದವರು ಮತ್ತೆ ಬಿಗಿಯಾಗಿ ಕಟ್ಟುವುದಿಲ್ಲ. ಈಗ ಕುಂದವಾಡ ಕೆರೆಯ ಬಳಿ ಬೆಳಿಗ್ಗೆ ಐದೂವರೆಗೆ ಸೇರಿದಾಗಲೇ, ಬೇಗ ಹೋಗಬೇಕಾದವರು ಹೇಳಬೇಕು. ಅವರ ಸೈಕಲ್ ಬಾಲದ ತುಂಡಿನಲ್ಲಿಯೇ ನಿಲ್ಲುತ್ತದೆ. ಹೊಸಬರಿಗೆ ಹೊರಡುವಾಗಲೇ ಒಂದು ಅಂಕಿ ಕೊಡುತ್ತೇವೆ, ಬಿಚ್ಚುವಾಗ ಅಂಕಿ ಕರೆದೇ ಸೈಕಲ್ ಒಪ್ಪಿಸುತ್ತೇವೆ. ಶಾಲೆಯ ಹಾಜರಿಯಂತಿದೆ ಎಂದು ಕೆಲವರಿಗೆ ಬೇಸರವಾಯಿತು. ಹರಿಹರದ ಘಟನೆಯನ್ನು ನೆನಪಿಸಿದ ಮೇಲೆ ಸುಮ್ಮನಾದರು.

ಚಕ್ರ ಕಳುವಾದದ್ದು ಚಿತ್ರದುರ್ಗದಲ್ಲಿ. ಅರವತ್ತು ಕಿಲೋಮೀಟರ್ ತುಳಿದು, ಸೈಕಲ್‌ಗಳನ್ನು ಕೆಳಗೆ ಬಿಟ್ಟು ಕೋಟೆ ಹತ್ತಿ ಇಳಿಯಲು ಎರಡು ಗಂಟೆಯಾದರೂ ಬೇಕು. ಸ್ಮಾರಕದ ಕಂಬ, ಕಂಬಿಗಳಿಗೆ ಸರಪಳಿ ಬಿಗಿಯುವುದು ತಪ್ಪು, ನಾವು ಹಾಗೆ ಮಾಡುವುದಿಲ್ಲ. ದಾವಣಿಗೆ ಫ್ರೇಮ್ ಸಿಕ್ಕಿಕೊಂಡಿರುತ್ತದೆ, ಆದರೆ ಪಾನಾ ಇಲ್ಲದೆ ಕೈಯಿಂದಲೇ ಬಿಚ್ಚುವ ಕ್ವಿಕ್ ರಿಲೀಸ್ ಹಿಡಿ ಇರುವ ಮುಂದಿನ ಚಕ್ರವನ್ನು ಅರ್ಧ ನಿಮಿಷದಲ್ಲಿ ಕಳಚಬಹುದು. ಚಕ್ರ, ಸೀಟು ಎರಡಕ್ಕೂ ಕ್ವಿಕ್ ರಿಲೀಸ್ ತೆಗೆದು ಆರು ಮೂಲೆಯ ಕುಳಿಯಿರುವ ಅಲೆನ್ ಬೋಲ್ಟ್ ಹಾಕಿಸಿ; ನಾನು ಸುಮಾರು ನಾನೂರು ರೂಪಾಯಿ ಕೊಟ್ಟೆ. ಅಲೆನ್ ಕೀ ಇರುವ ಕಳ್ಳನಿಗೆ ಇದು ತಡೆಯಲ್ಲ ಎಂದು ವಾದಿಸುವವರಿಗೆ ನಾನು ಬೋಲ್ಟಿನ ಕುಳಿಯಲ್ಲಿ ಏನು ತುಂಬುತ್ತೇನೆ ಎಂಬುದನ್ನು ಎದುರಿಗೆ ಸಿಕ್ಕಾಗ ತೋರಿಸುತ್ತೇನೆ.

ಈ ನಡುವೆ, ವಸ್ತು ಇರುವ ಜಾಗವನ್ನು ಫೋನಿಗೆ ತಿಳಿಸುವ ಆಪಲ್ ಕಂಪನಿಯ ಪುಟ್ಟ ಬಿಲ್ಲೆಯಾದ ಏರ್‌ಟ್ಯಾಗನ್ನೂ ಪ್ರಯೋಗಿಸಿದೆ. ಸೀಟಿನ ಕೆಳಗೆ ಕಟ್ಟಿದಾಗ ಪೇಟೆಯಲ್ಲಿ ಚೆನ್ನಾಗಿ ನಡೆಯಿತು. ಸುತ್ತಮುತ್ತ ಯಾರದಾದರೂ ಐಫೋನಿನಂಥ ಆಪಲ್ ಸಾಧನ ಇದ್ದರೆ ಮಾತ್ರ ಅದು ತನ್ನ ಜಾಗ ತಿಳಿಸುತ್ತದೆ. ಸಂತೇಬೆನ್ನೂರಿನ ದಾರಿಯಲ್ಲಿ, ಅಡಿಕೆ ತೋಟಗಳ ನಡುವೆ ಸೈಕಲನ್ನು ಬೇಕೆಂದೇ ಬಿಟ್ಟು ನೋಡಿದಾಗ ಒಂದು ಗಂಟೆ ಏನೂ ತಿಳಿಯಲಿಲ್ಲ. ಕಳ್ಳನ ಕೈಯಲ್ಲಿಯೇ ಐಫೋನ್ ಇದ್ದರೆ, ಅಪರಿಚಿತ ಏರ್‌ಟ್ಯಾಗ್ ಜೊತೆಗೆ ಬರುತ್ತಿದೆ ಎಂದು ಅದು ಅವನಿಗೂ ಸೂಚನೆ ಕೊಡುತ್ತದೆ. ಮೂರು ಸಾವಿರ ರೂಪಾಯಿಗಿಂತ ಹೆಚ್ಚು ಹೋಯಿತು. ಅದನ್ನು ಈಗ ಮನೆಯ ಸ್ಕೂಟರಿನಲ್ಲಿ ಇಟ್ಟಿದ್ದೇನೆ. ಅದರ ಬದಲು ಸಾಲಿನ ನಡುವಿನ ಎರಡು ಸೈಕಲ್‌ಗಳಿಗೆ ಎತ್ತಿನ ಗಂಟೆ ಕಟ್ಟಿದ್ದೇ ಹೆಚ್ಚು ಉಪಯೋಗವಾಯಿತು.

ಅದು ಗೊತ್ತಾದದ್ದು ಸಂತೇಬೆನ್ನೂರಿನಲ್ಲಿ. ಪುಷ್ಕರಿಣಿಯ ಮೆಟ್ಟಿಲಿಳಿದು ಕುಳಿತರೆ ರಸ್ತೆ ಕಾಣುವುದಿಲ್ಲ. ಹದಿನೆಂಟು ಸೈಕಲ್‌ಗಳನ್ನು ಹೊರಗೆ ಕಟ್ಟಿ ನಾವು ಕೆಳಗಿದ್ದಾಗ ಮೇಲೆ ಗಂಟೆಗಳ ಸದ್ದು, ಹಿಂದೆಯೇ ಕಬ್ಬಿಣ ಉರುಳುವ ಸದ್ದು ಕೇಳಿತು. ಓಡಿ ಬಂದಾಗ ಇಬ್ಬರು ಬೈಕಿನಲ್ಲಿ ಪರಾರಿಯಾಗುತ್ತಿದ್ದರು. ತುದಿಯ ಸೈಕಲ್ ಎಳೆದದ್ದರಿಂದ ಅರ್ಧ ಸಾಲು ಮಗುಚಿ ಬಿದ್ದಿತ್ತು. ಒಂದು ಸೈಕಲ್ಲಿನ ಹಿಂದಿನ ಗೇರನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ಬಗ್ಗಿತ್ತು, ದುರಸ್ತಿಗೆ ನಾನೂರು ರೂಪಾಯಿ ಆಯಿತು. ಆ ದುಡ್ಡನ್ನು ಎಲ್ಲರೂ ಸಂತೋಷದಿಂದ ಹಂಚಿಕೊಂಡೆವು. ಅಂದು ಆಕ್ಷೇಪಗಳು ನಿಂತವು.

ಇನ್ನೊಂದು ಕೆಲಸವನ್ನು ನಾವು ತಡವಾಗಿ ಮಾಡಿದೆವು. ಮೊದಲ ಸೈಕಲ್ ಕಳುವಾಗಿ ದೂರು ಬರೆಯಲು ಕುಳಿತಾಗ ಫ್ರೇಮ್ ನಂಬರ್ ಯಾರಿಗೂ ಗೊತ್ತಿರಲಿಲ್ಲ. ಕಪ್ಪು ಬಣ್ಣದ ಸೈಕಲ್ ಎಂದು ಬರೆದುಕೊಟ್ಟರೆ ಹುಡುಕುವವರಾದರೂ ಏನು ಮಾಡಿಯಾರು? ಸೈಕಲನ್ನು ತಲೆಕೆಳಗು ಮಾಡಿದರೆ ಸಾಮಾನ್ಯವಾಗಿ ಪೆಡಲ್ ಅಚ್ಚು ಕೂರುವ ಕೊಳವೆಯ ತಳದಲ್ಲಿ ಆ ನಂಬರ್ ಕೊರೆದಿರುತ್ತದೆ. ಮಣ್ಣು ಒರೆಸಿ, ಮೊಬೈಲಿನ ದೀಪ ಓರೆಯಾಗಿ ಹಿಡಿದರೆ ಓದಬಹುದು. ಈಗ ಎಲ್ಲರ ನಂಬರ್, ಬಿಲ್ಲಿನ ಪ್ರತಿ, ಎರಡು ಬದಿಯ ಚಿತ್ರ ಒಂದೇ ಕಡೆ ಇವೆ.

ಕಳೆದ ತಿಂಗಳು ಇಪ್ಪತ್ತೇಳು ಮಂದಿ ಬಂದು ದಾವಣಿ ಸಾಲದೆ ಹೋಯಿತು, ಏಳು ಸೈಕಲ್‌ಗಳಿಗೆ ಮತ್ತೆ ಕೇಬಲ್ ಬೀಗವೇ ಗತಿಯಾಯಿತು. ಇನ್ನೆರಡು ತುಂಡು ತರಿಸಿದ್ದೇನೆ. ಇವು ಸತು ಲೇಪನದ ಸರಪಳಿ, ಕೆಜಿಗೆ ಇಪ್ಪತ್ತು ರೂಪಾಯಿ ಹೆಚ್ಚು. ಹಳೆಯ ನಾಲ್ಕು ತುಂಡುಗಳು ಮಳೆಗಾಲದಲ್ಲಿ ಟ್ಯೂಬಿನೊಳಗೆ ನೀರು ನಿಂತು ತುಕ್ಕು ಹಿಡಿದಿದ್ದವು. ಟ್ಯೂಬಿಗೆ ಗೇಣಿಗೊಂದು ತೂತು ಹೊಡೆದು, ಸವಾರಿ ಮುಗಿದ ಸಂಜೆ ನೇತುಹಾಕಿ, ತಿಂಗಳಿಗೊಮ್ಮೆ ಹಳೆಯ ಎಂಜಿನ್ ಆಯಿಲ್ ಸವರಿದ ಮೇಲೆ ತುಕ್ಕು ನಿಂತಿದೆ.