ಕೂನೂರು ನಿಲ್ದಾಣದ ಸದ್ದನ್ನು ನಾನು ಹಿಡಿದಿಟ್ಟಿದ್ದು ಹೀಗೆ

ಹಳೇ ರೈಲು ನಿಲ್ದಾಣ ಕಂಡರೆ ಎಲ್ಲರೂ ಕ್ಯಾಮೆರಾ ತೆಗೆಯುತ್ತಾರೆ. ನಾನು ಊಟಿ ಹತ್ತಿರದ ಕೂನೂರಿಗೆ ಒಯ್ದಿದ್ದು ಅಂಗೈಯಗಲದ ರೆಕಾರ್ಡರ್. ಗೋಡೆ, ಬಾಗಿಲು ಹಾಳಾದರೆ ದುರಸ್ತಿ ಮಾಡಿ ಉಳಿಸಿಕೊಳ್ಳಬಹುದು. ಉಗಿ ಎಂಜಿನ್ ನಿಂತುಹೋದರೆ ಅದರ ಸದ್ದನ್ನು ಎಲ್ಲಿಂದ ತರೋದು? 1899ರಿಂದ ರೈಲು ಈ ಊರಿಗೆ ಹತ್ತಿ ಬರುತ್ತಿದೆ. 2005ರಲ್ಲಿ ಯುನೆಸ್ಕೊ ನೀಲಗಿರಿ ರೈಲುಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪರಂಪರೆಯಲ್ಲಿ ಸದ್ದೂ ಸೇರಿದೆ ಅಲ್ವಾ?

ಮೊದಲ ಸಲ ಕೆಲಸ ಕೆಟ್ಟಿತು. ಪ್ಲಾಟ್‌ಫಾರ್ಮಿನ ಮಾತುಕತೆಗೆ ತಕ್ಕಂತೆ ರೆಕಾರ್ಡರಿನ ಲೆವೆಲ್, ಅಂದರೆ ಸದ್ದನ್ನು ಎಷ್ಟು ಜೋರಾಗಿ ಹಿಡಿಯಬೇಕು ಅನ್ನೋದನ್ನು, ಇಟ್ಟಿದ್ದೆ. ಎಂಜಿನ್ ಶಿಳ್ಳೆ ಹಾಕಿದ್ದೇ ತಡ, ಸದ್ದು ಪೂರಾ ಒಡೆದುಹೋಯಿತು. ಎರಡನೇ ಸಲ ಶಿಳ್ಳೆಗೇ ಲೆವೆಲ್ ಹೊಂದಿಸಿದೆ. ಮಾತು ಸಣ್ಣಗೆ ಬಿದ್ದರೆ ಆಮೇಲೆ ಎತ್ತಿಕೊಳ್ಳಬಹುದು, ಒಡೆದ ಸದ್ದನ್ನು ಕೂಡಿಸೋಕಾಗಲ್ಲ. ಬೆಟ್ಟದ ಗಾಳಿಗೆ ಮೈಕಿನ ಮೇಲೆ ತುಪ್ಪಟದ ಕವರ್ ಬೇಕೇ ಬೇಕು.

ಎಲ್ಲಿ ಕೂರಬೇಕು ಅನ್ನೋದು ಇನ್ನೂ ಮುಖ್ಯ. ಬೆಟ್ಟದ ಬುಡದ ಮೆಟ್ಟುಪಾಳ್ಯಂನಿಂದ ಹತ್ತುವಾಗ ಎಂಜಿನ್ ರೈಲನ್ನು ಎಳೆಯುವುದಿಲ್ಲ, ಹಿಂದಿನಿಂದ ತಳ್ಳುತ್ತದೆ. ಅದಕ್ಕೇ ಕೊನೆಯ ಬೋಗಿ ಹಿಡಿದೆ. ಕಲ್ಲಾರ್ ನಿಲ್ದಾಣ ದಾಟಿದರೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಶುರುವಾಗುತ್ತದೆ. ಎರಡು ಪಟ್ಟಿ ಅಕ್ಕಪಕ್ಕ. ಒಂದರಲ್ಲಿ ಹಲ್ಲಿದ್ದ ಕಡೆ ಇನ್ನೊಂದರಲ್ಲಿ ಸಂದು. 12 ಅಡಿ ಹೋದರೆ 1 ಅಡಿ ಮೇಲೇರುವಷ್ಟು ಕಡಿದಾದ ದಾರಿ ಅದು, ಎಂಜಿನ್ನಿನ ಹಿಡಿತ ಒಂದು ಗಳಿಗೆಯೂ ತಪ್ಪಬಾರದು. ಅಲ್ಲಿ ವೇಗ ಗಂಟೆಗೆ ಹೆಚ್ಚೆಂದರೆ 13 ಕಿಲೋಮೀಟರ್. ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದರೆ, ಉಗಿಯ ಭುಸ್ ಭುಸ್ ಕೆಳಗೆ ಒಂದೇ ಸಮ ಗರಗರ ಕೇಳುತ್ತದೆ. ಎಂಜಿನ್ನಿನ ಅಡಿಯ ಹಲ್ಲುಚಕ್ರ ಪಟ್ಟಿಯ ಹಲ್ಲನ್ನು ಕಚ್ಚುವ ಸದ್ದು. ಕೂನೂರಿನಲ್ಲಿ ಪಟ್ಟಿ ಮುಗಿಯುತ್ತಿದ್ದಂತೆ ಆ ಗರಗರ ನಿಂತು, ಬರೀ ಚಕ್ರದ ಸದ್ದು ಉಳಿಯುತ್ತದೆ. ನಾನು ಹೋಗಿದ್ದೇ ಆ ಗಳಿಗೆಗಾಗಿ. ಕೈ ನಡುಗಿದರೆ ಅದೂ ದಾಖಲಾಗುತ್ತದೆ ಅಂತ ರೆಕಾರ್ಡರನ್ನು ಮಡಚಿದ ಸ್ವೆಟರ್ ಮೇಲೆ ಇಟ್ಟು, ಉಸಿರು ಬಿಗಿಹಿಡಿದು ಕೂತಿದ್ದೆ.

ನಿಲ್ದಾಣದಲ್ಲಿ ಉಗಿ ಎಂಜಿನ್ ಕಳಚಿಕೊಂಡು ಶೆಡ್ಡಿಗೆ ಹೋಗುತ್ತದೆ. ಊಟಿ ಕಡೆಗೆ ಡೀಸೆಲ್ ಎಂಜಿನ್. ಕೊಂಡಿ ಬಿಚ್ಚುವ ಠಣ್, ಬ್ರೇಕ್‌ಮನ್‌ಗಳ ಕೂಗು, ನಿಂತ ಎಂಜಿನ್ನಿನ ಸುಯ್ ಎನ್ನುವ ಉಸಿರು, ಒಂದೊಂದನ್ನೂ ಬೇರೆ ಬೇರೆಯಾಗಿ ಹಿಡಿದೆ. ಪ್ರತಿ ಸಲ ಶುರುವಿನಲ್ಲೇ ದಿನ, ಹೊತ್ತು, ನಿಂತ ಜಾಗ ಹೇಳಿಬಿಡುತ್ತಿದ್ದೆ. ಬರೆದಿಟ್ಟ ಚೀಟಿ ಕಳೆದುಹೋಗುತ್ತೆ, ಫೈಲಿನೊಳಗಿನ ಮಾತು ಹೋಗಲ್ಲ. ಎಲ್ಲವನ್ನೂ ಸದ್ದನ್ನು ಕುಗ್ಗಿಸದ ವೇವ್ ಫೈಲಾಗಿಯೇ ಎರಡು ಕಡೆ ಇಟ್ಟಿದ್ದೇನೆ.

ರೈಲು ಹೋದ ಮೇಲೆ ಸುಮ್ನೆ ಎರಡು ನಿಮಿಷ ಖಾಲಿ ಪ್ಲಾಟ್‌ಫಾರ್ಮನ್ನೂ ರೆಕಾರ್ಡ್ ಮಾಡಿದೆ. ದೂರದ ಶೆಡ್ಡಿನಲ್ಲಿ ಎಂಜಿನ್ ಒಮ್ಮೆ ಉಗಿ ಬಿಟ್ಟಿದ್ದು ಅದರಲ್ಲಿ ಸಣ್ಣಗೆ ಬಿದ್ದಿದೆ. ಈಗ ಜಾಸ್ತಿ ಕೇಳೋದು ಅದನ್ನೇ.