ಸ್ಯಾಂಡ್‌ವಿಚ್ ಜಗಳಕ್ಕೆ ನೀರೇ ಮೂಲ

ಆಸ್ತಿಯ ವಿಷಯಕ್ಕೆ ನಮ್ಮ ಮನೆಯಲ್ಲಿ ಮಾತು ಏರಿದ್ದನ್ನು ನಾನು ಇದುವರೆಗೆ ಕಂಡಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಒಂದು ಪೌಂಡ್ ಬ್ರೆಡ್ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರೆ ಸಾಕು, ಅದೇ ಪಂಚಾಯಿತಿ ಕಟ್ಟೆಯಾಗುತ್ತದೆ. ಸುಡದ ಬ್ರೆಡ್ಡಿಗೆ ತುಪ್ಪ ಸವರಿ, ಕಡಲೆಕಾಯಿ ಚಟ್ನಿಪುಡಿ ಉದುರಿಸಿ, ಎರಡು ಹೋಳು ಸೇರಿಸಿ ಅದುಮಿದರೆ ಅದೇ ಸ್ಯಾಂಡ್‌ವಿಚ್ ಎನ್ನುವುದು ನಮ್ಮ ಯಜಮಾನರ ವಾದ. ಮುಂಬಯಿಯಲ್ಲಿ ಬೆಳೆದ ಸೊಸೆಗೆ ಹಸಿರು ಚಟ್ನಿಯ ಮೇಲೆ ಬೇಯಿಸಿದ ಆಲೂಗೆಡ್ಡೆ, ಬೀಟ್‌ರೂಟ್, ಸೌತೆಕಾಯಿ, ಟೊಮ್ಯಾಟೊ, ಈರುಳ್ಳಿಯ ಬಿಲ್ಲೆಗಳು ಕ್ರಮವಾಗಿ ಕೂರದಿದ್ದರೆ ಅದಕ್ಕೆ ಆ ಹೆಸರೇ ಸಲ್ಲದು. ಮಗನಿಗೆ ಅಯ್ಯಂಗಾರ್ ಬೇಕರಿಯ ಮಸಾಲೆ ಟೋಸ್ಟಿನ ಹಾಗೆ ಮೇಲಿನ ಹೋಳೇ ಇಲ್ಲದೆ ಒಗ್ಗರಣೆಯ ಈರುಳ್ಳಿ, ಕ್ಯಾರೆಟ್ ತುರಿ ರಾಶಿ ಬಿದ್ದಿರಬೇಕು. ಮುಚ್ಚಳವಿಲ್ಲದ್ದು ಸ್ಯಾಂಡ್‌ವಿಚ್ ಹೇಗಾಗುತ್ತದೆಂದು ಕೇಳಿದರೆ ಅವನು ಸಿಟ್ಟಾಗುತ್ತಾನೆ. ಎಂಟನೆಯ ತರಗತಿಯ ಮೊಮ್ಮಗಳಿಗೆ ಒಳಗೆ ಏನಿದ್ದರೂ ಸರಿ, ಕತ್ತರಿಸಿದ್ದು ಮಾತ್ರ ತ್ರಿಕೋನವಾಗಿರಬೇಕು.

ಇಷ್ಟು ಜನರ ನಡುವೆ ತೀರ್ಪು ಕೊಡುವ ಪಾಡು 45 ವರ್ಷದಿಂದ ಒಲೆಯ ಮುಂದೆ ನಿಂತಿರುವ ನನ್ನದು. ಇವರ ವಾದಗಳನ್ನೆಲ್ಲ ಕೇಳಿ, ಒಂದೊಂದನ್ನೂ ಮಾಡಿ ನೋಡಿದ ಮೇಲೆ ನನಗೆ ಖಚಿತವಾದ ಸಂಗತಿಯೊಂದಿದೆ. ಇವರು ಜಗಳವಾಡುವುದು ರುಚಿಗಾಗಿಯಲ್ಲ, ನೀರಿಗಾಗಿ. ಬ್ರೆಡ್ಡು ನೆನೆದು ಮುದ್ದೆಯಾದದ್ದಕ್ಕೆ ಒಬ್ಬರು ಇನ್ನೊಬ್ಬರ ಟೊಮ್ಯಾಟೊವನ್ನು ಬೈಯುತ್ತಾರೆ, ಅವರು ಇವರ ಚಟ್ನಿಯನ್ನು ಬೈಯುತ್ತಾರೆ. ವರ್ಷಪೂರ್ತಿ ಹರಿಯುವ ನದಿಯೊಂದೂ ಇಲ್ಲದ ಕೋಲಾರ ಜಿಲ್ಲೆಯಲ್ಲಿ ಕೆರೆ ಕಟ್ಟಿ ನೀರು ನಿಲ್ಲಿಸಿಕೊಂಡು ಬದುಕಿದ ಜನ ನಾವು. ಎರಡು ಹೋಳು ಬ್ರೆಡ್ಡಿನ ನಡುವೆ ನೀರು ನಿಲ್ಲದಂತೆ ಮಾಡುವುದಷ್ಟೇ ನಮಗೆ ಕಷ್ಟವಾಗಿದೆ.

ಟೊಮ್ಯಾಟೊದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಕೋಲಾರದ ಮನೆಯಲ್ಲಿ ಟೊಮ್ಯಾಟೊ ಬರಿಯ ತರಕಾರಿಯಲ್ಲ, ಮರ್ಯಾದೆಯ ಪ್ರಶ್ನೆ. ಯಜಮಾನರು ಊರಿನ ಹೊಲದಲ್ಲಿ ಬಹಳ ವರ್ಷ ಟೊಮ್ಯಾಟೊ ಬೆಳೆದವರು. 2023ರ ಜುಲೈಯಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ 2000 ರೂಪಾಯಿ ದಾಟಿದ ದಿನವನ್ನೂ, ಕೊಳ್ಳುವವರಿಲ್ಲದೆ ರಸ್ತೆ ಬದಿಗೆ ಸುರಿದ ದಿನಗಳನ್ನೂ ಕಂಡವರು. ಅವರಿಗೆ ನಾಟಿ ಟೊಮ್ಯಾಟೊ ಮಾತ್ರವೇ ಟೊಮ್ಯಾಟೊ, ಹೈಬ್ರಿಡ್ ಎಂದರೆ ಲಾರಿಗಾಗಿ ಹುಟ್ಟಿದ ಕಾಯಿ. ಅವರ ಮಾತಿನಲ್ಲಿ ಸತ್ಯವಿದೆ: ದೂರದ ಉತ್ತರ ಭಾರತಕ್ಕೆ ಲಾರಿಯಲ್ಲಿ ಹೋಗುವಾಗ ಒಡೆಯದಿರಲೆಂದೇ ಅದರ ಸಿಪ್ಪೆ ದಪ್ಪ, ಒಳಗೋಡೆ ಗಟ್ಟಿ, ರಸ ಕಡಿಮೆ. ಸಾರು ಮಾಡಲು ಅದು ದಂಡವೇ ಸರಿ, ಆದರೆ ಬ್ರೆಡ್ಡಿನ ಒಳಗೆ ಇಡಲು ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ನಾಟಿ ಹಣ್ಣು ಕತ್ತರಿಸುವಾಗಲೇ ಮಣೆಯ ಮೇಲೆ ಕೋಡಿ ಹರಿಯುತ್ತದೆ.

ಯಜಮಾನರ ಮಾತನ್ನು ತೆಗೆದುಹಾಕಲಾಗದ ಮನೆಗಳಿಗೆ ನಾನು ಕಂಡುಕೊಂಡ ದಾರಿಯೆಂದರೆ, ನಾಟಿ ಹಣ್ಣನ್ನೇ ತೆಗೆದುಕೊಂಡು ಅಡ್ಡಕ್ಕೆ ಎರಡು ಭಾಗ ಮಾಡಿ, ಬೀಜವಿರುವ ಲೋಳೆಯನ್ನು ಹೆಬ್ಬೆರಳಿನಿಂದ ಸಾರಿನ ಪಾತ್ರೆಗೇ ಜಾರಿಸಿಬಿಡುವುದು. ಹುಳಿ ಹೆಚ್ಚಾಗಿ ಇರುವುದೂ ಆ ಲೋಳೆಯಲ್ಲಿಯೇ ಆದ್ದರಿಂದ ಸಾರಿಗೆ ಲಾಭ, ಬ್ರೆಡ್ಡಿಗೆ ನೆಮ್ಮದಿ. ಉಳಿದ ಗೋಡೆಯ ಭಾಗವನ್ನು ಬಿಲ್ಲೆ ಮಾಡಿ, ಹಳೆಯ ಪಂಚೆಯ ತುಂಡಿನ ಮೇಲೆ ಐದು ನಿಮಿಷ ಹರಡಿ, ಅದೇ ಬಟ್ಟೆಯ ಇನ್ನೊಂದು ಮಡಿಕೆಯಿಂದ ಮೇಲೆ ಒತ್ತಬೇಕು. ಉಪ್ಪನ್ನು ಮಾತ್ರ ಬ್ರೆಡ್ಡಿನ ಮೇಲಿಟ್ಟ ನಂತರ, ತಿನ್ನುವ ಹೊತ್ತಿಗೆ, ಚಿಟಿಕೆಯಷ್ಟು ಉದುರಿಸಬೇಕು. ಉಪ್ಪು ತಗಲಿದ ಕೂಡಲೇ ತರಕಾರಿ ತನ್ನೊಳಗಿನ ನೀರನ್ನು ಹೊರಗೆ ಬಿಡುತ್ತದೆ, ಮತ್ತು ಟೊಮ್ಯಾಟೊದ ತೂಕದಲ್ಲಿ ಶೇಕಡ 94ರಷ್ಟು ನೀರೇ ಇದೆ ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಸೌತೆಕಾಯಿಯ ವಿಷಯದಲ್ಲಿ ಇದೇ ಗುಣವನ್ನು ತಿರುವುಮುರುವು ಮಾಡಿ ಬಳಸಿಕೊಳ್ಳಬಹುದು. ಇದನ್ನು ನಾನು ಕಲಿತದ್ದು ಮದುವೆಗೆ ಮುಂಚೆ, ಕೆ.ಜಿ.ಎಫ್.ನಲ್ಲಿ. ನಮ್ಮ ತಂದೆಯವರು ಚಿನ್ನದ ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. 2001ರಲ್ಲಿ ಗಣಿ ಮುಚ್ಚುವುದಕ್ಕೆ ಬಹಳ ಹಿಂದಿನ ಮಾತಿದು. ನಮ್ಮ ಬೀದಿಯ ತಿರುವಿನಲ್ಲಿ ಆಂಗ್ಲೋ ಇಂಡಿಯನ್ ಕುಟುಂಬವೊಂದಿತ್ತು. ಆ ಮನೆಯ ಅಜ್ಜಿ ಸೌತೆಕಾಯಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ, ಪಿಂಗಾಣಿ ತಟ್ಟೆಯಲ್ಲಿ ಉಪ್ಪು ಸವರಿ ಓರೆಯಾಗಿ ಇಡುತ್ತಿದ್ದರು. ಹತ್ತು ನಿಮಿಷದಲ್ಲಿ ತಟ್ಟೆಯ ತಗ್ಗಿನ ಅಂಚಿಗೆ ನೀರು ಬಂದು ನಿಲ್ಲುತ್ತಿತ್ತು. ಅದನ್ನು ಬಸಿದು, ಬಿಲ್ಲೆಗಳನ್ನು ಬಟ್ಟೆಯಲ್ಲಿ ಕಟ್ಟಿ ಮೆಲ್ಲಗೆ ಹಿಂಡುತ್ತಿದ್ದರು. ಅವರ ಮನೆಯ ಸ್ಯಾಂಡ್‌ವಿಚ್ ಸಂಜೆಯ ಚಹಾದವರೆಗೆ ಬಟ್ಟೆಯ ಕೆಳಗೆ ಇದ್ದರೂ ಒದ್ದೆಯಾಗುತ್ತಿರಲಿಲ್ಲ. ನಮ್ಮ ಅಮ್ಮನಿಗೆ ಆ ನೀರು ಚೆಲ್ಲುವುದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ನಾನು ಈಗ ಅದನ್ನು ಮಜ್ಜಿಗೆಗೆ ಬೆರೆಸುತ್ತೇನೆ, ಬೇರೆ ಉಪ್ಪು ಹಾಕುವ ಅಗತ್ಯ ಬೀಳುವುದಿಲ್ಲ.

ಆ ಅಜ್ಜಿಯಿಂದ ಕಲಿತ ಎರಡನೆಯ ಪಾಠ ಬೆಣ್ಣೆಯದು. ಬೆಣ್ಣೆಯನ್ನು ಹೋಳಿನ ನಡುವೆ ಒಂದು ಗುಡ್ಡೆ ಇಟ್ಟು ನಾಲ್ಕು ಕಡೆ ಎಳೆದು ಬಿಡುವವರು ಒಂದು ಪಂಗಡ, ಅಂಚಿನ ತನಕ ಸಮವಾಗಿ ಸವರುವವರು ಇನ್ನೊಂದು ಪಂಗಡ. ನಮ್ಮ ಮಗ ಮೊದಲನೆಯ ಪಂಗಡದವನು. ಬೆಣ್ಣೆ ರುಚಿಗಾಗಿ ಇರುವುದು, ರುಚಿ ನಡುವೆ ಇದ್ದರೆ ಸಾಕು ಎನ್ನುತ್ತಾನೆ. ಬೆಣ್ಣೆಯ ಕೆಲಸ ರುಚಿಗಿಂತ ಮೊದಲು ಕಾವಲು. ಅದರಲ್ಲಿ ಶೇಕಡ 80ರಷ್ಟು ಕೊಬ್ಬು ಇರುವುದರಿಂದ ತರಕಾರಿಯ ನೀರು ಅದನ್ನು ದಾಟಿ ಬ್ರೆಡ್ಡಿನೊಳಗೆ ಇಳಿಯಲಾರದು. ಅದು ಕೆರೆಯ ಏರಿಯಿದ್ದ ಹಾಗೆ: ಏರಿ ಎಷ್ಟೇ ದಪ್ಪವಿದ್ದರೂ ಒಂದು ಮೂಲೆಯಲ್ಲಿ ಇಲಿ ಬಿಲವಿದ್ದರೆ ನೀರು ಅಲ್ಲಿಂದಲೇ ಹೋಗುತ್ತದೆ. ಆದ್ದರಿಂದ ತೆಳ್ಳಗಿದ್ದರೂ ಸರಿ, ಎರಡು ಹೋಳಿನ ಒಳಮೈಗೂ, ನಾಲ್ಕು ಮೂಲೆಗೂ ಮುಟ್ಟಬೇಕು. ಮಾರ್ಗಶಿರದ ಚಳಿಯಲ್ಲಿ ಬೆಣ್ಣೆ ಕಲ್ಲಾಗಿ ಬ್ರೆಡ್ಡನ್ನೇ ಕಿತ್ತು ಬರುತ್ತದಲ್ಲ, ಆಗ ಸ್ಟೀಲ್ ಲೋಟದಲ್ಲಿ ಕುದಿಯುವ ನೀರು ತುಂಬಿ, ಒಂದು ನಿಮಿಷದ ನಂತರ ಚೆಲ್ಲಿ, ಆ ಬಿಸಿ ಲೋಟವನ್ನು ಬೆಣ್ಣೆಯ ತುಂಡಿನ ಮೇಲೆ ಬೋರಲು ಹಾಕಿದರೆ ಕರಗದೆಯೇ ಮೆತ್ತಗಾಗುತ್ತದೆ. ಒಲೆಯ ಮೇಲಿಟ್ಟು ಕರಗಿಸಿದರೆ ಅದು ಬ್ರೆಡ್ಡಿನ ಮೇಲೆ ನಿಲ್ಲದೆ ಒಳಗೆ ಇಂಗಿಹೋಗುತ್ತದೆ, ಏರಿ ಕಟ್ಟಿದಂತಾಗುವುದಿಲ್ಲ.

ಸೊಸೆಯ ಹಸಿರು ಚಟ್ನಿಗೂ ನನಗೂ ಆರಂಭದ ಎರಡು ವರ್ಷ ಸರಿ ಬರಲಿಲ್ಲ. ಅವಳು ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ನಿಂಬೆರಸ ಹಾಕಿ ನುಣ್ಣಗೆ ರುಬ್ಬುತ್ತಿದ್ದಳು, ಬಣ್ಣವೂ ರುಚಿಯೂ ಕಣ್ಣಿಗೆ ಒತ್ತಿಕೊಳ್ಳುವ ಹಾಗಿರುತ್ತಿತ್ತು, ಆದರೆ ಮಿಕ್ಸಿ ತಿರುಗಲೆಂದು ಸುರಿದ ಅರ್ಧ ಲೋಟ ನೀರು ಬ್ರೆಡ್ಡಿಗೆ ಹೋಗಿ ಸೇರುತ್ತಿತ್ತು. ಎರಡು ಚಮಚ ಹುರಿಗಡಲೆ ಸೇರಿಸು ಎಂದು ನಾನೆಂದದ್ದಕ್ಕೆ, ಅದು ದೋಸೆಯ ಚಟ್ನಿಯಾಗುತ್ತದೆ ಎಂದು ಅವಳು ಮುಖ ಸಣ್ಣದು ಮಾಡಿದಳು. ಕೊನೆಗೆ ಅವಳೇ ಒಂದು ದಿನ ಹುರಿಗಡಲೆಯನ್ನು ಮೊದಲು ಪುಡಿ ಮಾಡಿಕೊಂಡು, ಅದರ ಮೇಲೆ ಸೊಪ್ಪನ್ನು ಹಾಕಿ, ತೊಳೆದ ಸೊಪ್ಪಿನಲ್ಲಿ ಉಳಿದ ನೀರಿನಲ್ಲೇ ರುಬ್ಬಿ ತೋರಿಸಿದಳು. ಚಮಚ ತಲೆಕೆಳಗು ಮಾಡಿದರೂ ಬೀಳದ ಚಟ್ನಿ ಅದು. ನಿಂಬೆರಸ ಬಿಡಬಾರದೆಂಬ ಅವಳ ಹಟ ಸರಿಯಾದದ್ದೇ. ಹುಳಿಯಿದ್ದರೆ ಸೊಪ್ಪು ಬೇಗ ಕಪ್ಪಾಗುವುದಿಲ್ಲ. ಆಲೂಗೆಡ್ಡೆಯನ್ನು ಹಿಂದಿನ ರಾತ್ರಿಯೇ ಬೇಯಿಸಿ ಸಿಪ್ಪೆ ಸಹಿತ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಪುಡಿಯಾಗದೆ ಬಿಲ್ಲೆಯಾಗಿ ಬರುತ್ತದೆ ಎಂಬುದೂ ಅವಳದೇ ಉಪಾಯ. ಬೀಟ್‌ರೂಟ್ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅದು ಮುಟ್ಟಿದ್ದೆಲ್ಲ ಕೆಂಪಾಗುತ್ತದೆ, ತಿನ್ನುವವರು ಅಂಗಿ ನೋಡಿಕೊಳ್ಳಲಿ.

ಈಗ ಕಾವಲಿಯ ಮಾತು. ವಿದ್ಯುತ್ ಟೋಸ್ಟರ್ ಬಂದ ಮೇಲೂ ನಮ್ಮಲ್ಲಿ ದೋಸೆ ಕಾವಲಿಯ ಪಕ್ಷವೇ ಬಲವಾಗಿದೆ, ನಾನೂ ಅದರ ಕಡೆಯೇ. ಕಾವಲಿ ಮಧ್ಯಮ ಉರಿಯಲ್ಲಿರಬೇಕು. ಉರಿ ಹೆಚ್ಚಾದರೆ ಹೊರಗೆ ಕಪ್ಪು, ಒಳಗೆ ತಣ್ಣಗೆ. ಹೊರಮೈಗೆ ಬೆಣ್ಣೆಯೋ ತುಪ್ಪವೋ ಎಂಬ ವಾದಕ್ಕೆ ನನ್ನ ಉತ್ತರ ತುಪ್ಪ, ಏಕೆಂದರೆ ಬೆಣ್ಣೆಯಲ್ಲಿ ಉಳಿದಿರುವ ಹಾಲಿನಂಶ ಬೇಗ ಕರಕಾಗುತ್ತದೆ, ತುಪ್ಪದಲ್ಲಿ ಅದನ್ನು ಕಾಯಿಸುವಾಗಲೇ ತೆಗೆದಿರುತ್ತೇವೆ. ಆದರೂ ಬೆಣ್ಣೆಯ ಪರಿಮಳವೇ ಬೇಕೆನ್ನುವವರು ಉರಿಯನ್ನು ಇನ್ನೂ ತಗ್ಗಿಸಿ ಸ್ವಲ್ಪ ತಾಳ್ಮೆಯಿಂದಿರಬೇಕು. ಗ್ರಿಲ್ಲಿನಲ್ಲಿ ಒತ್ತಿದ ಹಾಗೆ ಬರಬೇಕೆಂದರೆ, ಸ್ಯಾಂಡ್‌ವಿಚ್ಚಿನ ಮೇಲೆ ಒಂದು ಸಣ್ಣ ತಟ್ಟೆಯನ್ನು ಮಗುಚಿಟ್ಟು ಅದರ ಮೇಲೆ ಅರ್ಧ ನೀರು ತುಂಬಿದ ಹಿತ್ತಾಳೆ ಚೊಂಬನ್ನು ಇಡುತ್ತೇನೆ. ತುಂಬ ನೀರಿಟ್ಟರೆ ಪಲ್ಯವೆಲ್ಲ ಪಕ್ಕಕ್ಕೆ ಹೊರಬೀಳುತ್ತದೆ, ಬರಿದಾದ ಚೊಂಬು ತೂಕಕ್ಕೆ ಸಾಲದು. ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆಯ ಪಲ್ಯವನ್ನು ಹೀಗೆ ಒಳಗಿಟ್ಟು ಸುಡಬಹುದೇ ಎಂಬ ಚರ್ಚೆ ಹೋದ ಸಂಕ್ರಾಂತಿಗೆ ನಡೆಯಿತು. ಸುಡಬಹುದು, ಆದರೆ ಪಲ್ಯ ನೀರಾರಿ ಬಾಣಲೆಯ ತಳ ಬಿಡುವವರೆಗೆ ಹುರಿದಿರಬೇಕು, ಸಾರಿನಿಂದ ಬೇಳೆ ಎತ್ತಿ ಹಾಕುವ ಸೋಮಾರಿತನ ಸಲ್ಲದು. ಚೀಸ್ ಹಾಕುವವರು ಹಾಕಿಕೊಳ್ಳಲಿ, ನನಗೆ ಅದರ ಅನುಭವ ಕಡಿಮೆ.

ಇಷ್ಟೆಲ್ಲ ತಿಳಿದ ನಾನೂ ಒಮ್ಮೆ ಸೋತಿದ್ದೇನೆ. ಮೊಮ್ಮಗಳ ಡಬ್ಬಿಗೆ ಆಲೂಗೆಡ್ಡೆ ಪಲ್ಯದ ಸ್ಯಾಂಡ್‌ವಿಚ್ ಮಾಡಿ, ಕಾವಲಿಯಿಂದ ಇಳಿಸಿದ ಕೂಡಲೇ ಸ್ಟೀಲ್ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ ಕಳುಹಿಸಿದೆ. ಸಂಜೆ ಡಬ್ಬಿ ಹಾಗೆಯೇ ಹಿಂತಿರುಗಿತು. ತೆರೆದು ನೋಡಿದರೆ ಮುಚ್ಚಳದ ಒಳಮೈಯಲ್ಲಿ ಸಾಲುಸಾಲು ನೀರಿನ ಹನಿ, ಕೆಳಗೆ ಗರಿಗರಿಯಾಗಿದ್ದ ಬ್ರೆಡ್ಡು ನೆನೆದ ರದ್ದಿಯಂತೆ ತಳಕ್ಕೆ ಅಂಟಿಕೊಂಡಿತ್ತು. ಟೊಮ್ಯಾಟೊ ಇರಲಿಲ್ಲ, ಸೌತೆಕಾಯಿ ಇರಲಿಲ್ಲ, ಚಟ್ನಿಯೂ ಇರಲಿಲ್ಲ. ಬಿಸಿ ಪಲ್ಯದ ಹಬೆಯೇ ಮುಚ್ಚಳಕ್ಕೆ ತಾಗಿ ತಣಿದು ಮಳೆಯಾಗಿ ಸುರಿದಿತ್ತು. ಅಂದಿನಿಂದ ಪಲ್ಯವನ್ನು ತಟ್ಟೆಯಲ್ಲಿ ಹರಡಿ ಆರಿಸಿಯೇ ತುಂಬುತ್ತೇನೆ, ಸುಟ್ಟ ಹೋಳುಗಳನ್ನು ತಟ್ಟೆಯ ಮೇಲೆ ಮಲಗಿಸದೆ ಹಪ್ಪಳದ ಜಾಲರಿಯ ಮೇಲೆ ಒಂದಕ್ಕೊಂದು ಒರಗಿಸಿ ನಿಲ್ಲಿಸುತ್ತೇನೆ, ಕೈಗೆ ಬೆಚ್ಚಗೆ ಎನಿಸದಷ್ಟು ಆರಿದ ಮೇಲೆ ಡಬ್ಬಿಯ ತಳಕ್ಕೊಂದು, ಮೇಲೊಂದು ಒಣ ಕಾಗದದ ಕರವಸ್ತ್ರ ಇಟ್ಟು ಮುಚ್ಚುತ್ತೇನೆ.

ಬ್ರೆಡ್ಡನ್ನು ಫ್ರಿಜ್ಜಿನಲ್ಲಿಡಬೇಕೇ ಎಂಬ ಜಗಳದಲ್ಲಿ ಮಾತ್ರ ನೀರು ಎದುರು ಪಕ್ಷದಲ್ಲಿದೆ. ಮಗ ತಂದ ಕೂಡಲೇ ಅದನ್ನು ಒಳಗಿಡುತ್ತಾನೆ, ನಾನು ತೆಗೆದು ಹೊರಗಿಡುತ್ತೇನೆ. ಬೇಯುವಾಗ ನೀರು ಕುಡಿದು ಮೆತ್ತಗಾದ ಪಿಷ್ಟ ತಣಿಯುತ್ತ ಮತ್ತೆ ಬಿಗಿದುಕೊಳ್ಳುತ್ತದೆ, ಮತ್ತು ಫ್ರಿಜ್ಜಿನ 4 ಡಿಗ್ರಿಯ ಆಸುಪಾಸಿನಲ್ಲಿ ಆ ಬಿಗಿತ ಹೊರಗಿಗಿಂತ ಬೇಗ ಬರುತ್ತದೆ. ಹಾಗಾಗಿಯೇ ಒಳಗಿಟ್ಟ ಬ್ರೆಡ್ಡು ಮಾರನೆಯ ದಿನವೇ ಒರಟಾಗುತ್ತದೆ. ಎರಡು ದಿನದಲ್ಲಿ ಮುಗಿಯುವುದಾದರೆ ಹೊರಗಿನ ಡಬ್ಬಿ ಸಾಕು. ಮುಗಿಯದೆ ಉಳಿಯುವುದಾದರೆ, ಮಳೆಗಾಲದಲ್ಲಂತೂ ಬೂಷ್ಟು ಬರುವ ಮೊದಲೇ, ಐಸ್ ಕಟ್ಟುವ ಮೇಲಿನ ಅರೆಯಲ್ಲಿಟ್ಟು ಬೇಕೆಂದಾಗ ನೇರವಾಗಿ ಕಾವಲಿಗೆ ಹಾಕಬಹುದು. ಬೂಷ್ಟು ಒಂದು ಮೂಲೆಯಲ್ಲಿ ಕಂಡರೂ ಆ ಮೂಲೆ ಚಿವುಟಿ ಉಳಿದದ್ದನ್ನು ತಿನ್ನಬಾರದು, ಅದರ ಎಳೆಗಳು ಕಣ್ಣಿಗೆ ಕಾಣದಷ್ಟು ಒಳಗೆ ಹೋಗಿರುತ್ತವೆ.

ತ್ರಿಕೋನವೋ ಚೌಕವೋ ಎಂಬ ಪ್ರಶ್ನೆಯನ್ನು ನಾನು ಮಕ್ಕಳಾಟವೆಂದು ಬಹಳ ದಿನ ತಳ್ಳಿಹಾಕಿದ್ದೆ. ಮೊಮ್ಮಗಳು ಅಳತೆಪಟ್ಟಿ ತಂದು, 10 ಸೆಂ.ಮೀ. ಚೌಕದ ಹೋಳನ್ನು ನೇರವಾಗಿ ಕೊಯ್ದರೆ ಗಟ್ಟಿ ಅಂಚಿಲ್ಲದ ಬಾಯಿ 10 ಸೆಂ.ಮೀ., ಮೂಲೆಯಿಂದ ಮೂಲೆಗೆ ಕೊಯ್ದರೆ 14 ಸೆಂ.ಮೀ. ಎಂದು ಪೈಥಾಗೊರಸನನ್ನು ಸಾಕ್ಷಿ ಕರೆದಳು. ಮೊದಲ ಕಚ್ಚಿಗೇ ಪಲ್ಯ ಸಿಗುವ ಬಾಯಿ ಅಷ್ಟು ಉದ್ದವಾದರೆ ಬೇಡವೆನ್ನಲು ನಾನ್ಯಾರು? ಕೊಯ್ಯುವಾಗ ಹಲ್ಲಿರುವ ಚಾಕುವನ್ನು ಗರಗಸದಂತೆ ಎಳೆಯಬೇಕು, ಮೇಲಿನಿಂದ ಒತ್ತಬಾರದು. ಇದೇ ಸಮಯಕ್ಕೆ ಮಗ ಇಂಗ್ಲೆಂಡಿನ ಜಾನ್ ಮಾಂಟಗು, ಸ್ಯಾಂಡ್‌ವಿಚ್ಚಿನ 4ನೆಯ ಅರ್ಲ್, ಇಸ್ಪೀಟಾಟ ಬಿಟ್ಟು ಏಳಲಾರದೆ ಬ್ರೆಡ್ಡಿನ ನಡುವೆ ಮಾಂಸವಿಡಿಸಿ ತರಿಸಿಕೊಂಡನೆಂಬ 18ನೆಯ ಶತಮಾನದ ಕಥೆಯನ್ನು ಹೇಳಿ, ಇಸ್ಪೀಟಿನ ಎಲೆಗಳು ಜಿಡ್ಡಾಗದಂತೆ ಕೈಯಲ್ಲಿ ಹಿಡಿಯುವುದೇ ಇದರ ಮೂಲೋದ್ದೇಶ ಎಂದು ವಾದಿಸಿದ. ಮುಚ್ಚಳವಿಲ್ಲದ ತನ್ನ ಟೋಸ್ಟಿಗೆ ಅದು ಮುಳುವೆಂದು ಅವನಿಗೆ ಹೊಳೆಯಲಿಲ್ಲ. ಜೂಜುಕೋರನ ತಿಂಡಿಗೆ ಇಷ್ಟು ಶಾಸ್ತ್ರವೇ ಎಂದು ಯಜಮಾನರು ಎದ್ದು ಹೋದರು.

ಇನ್ನು ಉಳಿದದ್ದು ಪೌಂಡಿನ ಎರಡು ತುದಿಯ ಹೋಳುಗಳು. ಒಂದು ಮೈಯೆಲ್ಲ ಕಂದು ಸಿಪ್ಪೆಯಾದ್ದರಿಂದ ಅವನ್ನು ತಿನ್ನಲು ಯಾರೂ ಒಪ್ಪುವುದಿಲ್ಲ, ಯಜಮಾನರಂತೂ ತಟ್ಟೆಯನ್ನೇ ದೂರ ತಳ್ಳುತ್ತಾರೆ. ಆ ಸಿಪ್ಪೆಯ ಮೈಯನ್ನು ಒಳಕ್ಕೆ ತಿರುಗಿಸಿ, ಬಿಳಿಯ ಮೈಯನ್ನು ಹೊರಗೆ ಮಾಡಿ ತುಪ್ಪದಲ್ಲಿ ಸುಟ್ಟರೆ ನೋಡಲು ಉಳಿದವುಗಳಂತೆಯೇ ಇರುತ್ತವೆ, ಮೇಲಾಗಿ ಆ ಗಟ್ಟಿ ಸಿಪ್ಪೆ ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ನಾಟಿ ಟೊಮ್ಯಾಟೊವನ್ನು ಲೋಳೆ ಸಹಿತ ಇಡಬೇಕೆಂದು ಯಜಮಾನರು ಹಟ ಹಿಡಿದ ಭಾನುವಾರಗಳಲ್ಲಿ ನಾನು ಅವರಿಗೆ ಕೊಡುವುದು ಇದನ್ನೇ, ಮತ್ತು ನಾಟಿ ಹಣ್ಣು ಹಾಕಿಯೂ ಬ್ರೆಡ್ಡು ಹೇಗೆ ಗಟ್ಟಿಯಾಗಿ ನಿಂತಿದೆ ನೋಡಿ ಎಂದು ಅವರು ಸೊಸೆಗೆ ತೋರಿಸುತ್ತ ತಿನ್ನುತ್ತಾರೆ.