ಅಟ್ಟ ಸೇರಿದ ಟೈಮಿಂಗ್ ಲೈಟನ್ನು ಮತ್ತೆ ಬೆಳಗಿಸುವುದು ಹೇಗೆ?

ಉಡುಪಿಯ ಕಿನ್ನಿಮುಲ್ಕಿಯಲ್ಲಿ ನನ್ನ ಸೋದರಮಾವನ ಮನೆ. ಕಳೆದ ಬೇಸಿಗೆಯಲ್ಲಿ ಅಲ್ಲಿನ ಅಟ್ಟ ಗುಡಿಸುವಾಗ ಒಂದು ಹಳೆಯ ಟೈಮಿಂಗ್ ಲೈಟ್ ಸಿಕ್ಕಿತು. ಇಂಜಿನ್ನಿನ ಪ್ಲಗ್ ಸರಿಯಾದ ಕ್ಷಣಕ್ಕೆ ಕಿಡಿ ಹಾರಿಸುತ್ತಿದೆಯೇ ಎಂದು ಮಿಂಚಿ ತೋರಿಸುವ ದೀಪ ಅದು. ಪಿಸ್ತೂಲಿನ ಆಕಾರ, ಲೋಹದ ಮೈ, ಮುಂದೆ ಗುಂಡನೆಯ ಗಾಜು. ಮಾವ ತಮ್ಮ ಅಂಬಾಸಿಡರ್‌ಗೆ ಟೈಮಿಂಗ್ ಇಡುತ್ತಿದ್ದದ್ದು ಇದರಲ್ಲೇ. ಬ್ಯಾಟರಿಗೆ ಕೊಟ್ಟು ಗುಂಡಿ ಒತ್ತಿದರೆ ಸದ್ದೂ ಇಲ್ಲ, ಬೆಳಕೂ ಇಲ್ಲ. ಹಿಂದೊಮ್ಮೆ ರಿಪೇರಿಗೆ ಕೊಟ್ಟಾಗ ‘ಒಳಗೆ ಎಲ್ಲ ಹೋಗಿದೆ, ಹೊಸತು ತಗೊಳ್ಳಿ’ ಅಂತ ವಾಪಸ್ ಕಳಿಸಿದ್ದರಂತೆ.

“ಎಸೆಯುವುದು ಬೇಡ ಮಾರಾಯ, ನೀನೊಮ್ಮೆ ಬಿಚ್ಚಿ ನೋಡು” ಅಂದರು ಮಾವ.

ಬಿಚ್ಚಿ ನೋಡಿದೆ. ಒಳಗೆ ಏನೂ ಹೋಗಿರಲಿಲ್ಲ. ಕೆಟ್ಟದ್ದು ಎರಡೇ ಕಡೆ, ಎರಡೂ ಹೊರಗಿನ ವಯರ್‌ಗಳಲ್ಲಿ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಮೊದಲು ಹಿಡಿಯುವುದೇ ತಾಮ್ರ, ಸ್ಪ್ರಿಂಗ್, ಸ್ವಿಚ್‌ಗಳನ್ನು. ಹಾಗಾಗಿ ಈ ಕೆಲಸದಲ್ಲಿ ಹೊರಗಿನಿಂದ ಒಳಗೆ ಹೋಗಬೇಕು. ಟ್ರಾನ್ಸಿಸ್ಟರ್ ಮೇಲೆ ಅನುಮಾನ ಕೊನೆಗೆ ಬರಲಿ.

ಇದು ಕೆಲಸ ಮಾಡುವ ರೀತಿ

ಬ್ಯಾಟರಿಯ 12 ವೋಲ್ಟನ್ನು ಒಳಗಿನ ಸಣ್ಣ ಇನ್ವರ್ಟರ್ 300ರಿಂದ 400 ವೋಲ್ಟ್‌ನಷ್ಟು ಏರಿಸಿ, ವಿದ್ಯುತ್ತನ್ನು ಕೂಡಿಡುವ ಒಂದು ಕೆಪಾಸಿಟರ್‌ನಲ್ಲಿ ತುಂಬಿಸುತ್ತದೆ. ಆ ಕೆಪಾಸಿಟರ್‌ನ ಎರಡು ತುದಿಗೆ ಕ್ಸೆನಾನ್ ಅನಿಲ ತುಂಬಿದ ಗಾಜಿನ ಟ್ಯೂಬ್ ಸೇರಿರುತ್ತದೆ. ಅಷ್ಟು ವೋಲ್ಟೇಜ್ ಇದ್ದರೂ ಟ್ಯೂಬ್ ಸುಮ್ನೆ ಹೊತ್ತಿಕೊಳ್ಳುವುದಿಲ್ಲ. ಒಂದನೇ ಸಿಲಿಂಡರ್‌ನ ಪ್ಲಗ್ ಕಿಡಿ ಹಾರಿಸಿದಾಗ ಸಿಗುವ ಸಿಗ್ನಲ್ ಟ್ಯೂಬಿನ ಹೊರಗೆ ಸುತ್ತಿದ ತೆಳು ತಂತಿಗೆ ಸಾವಿರಾರು ವೋಲ್ಟ್‌ನ ಒಂದು ಏಟು ಕೊಡುತ್ತದೆ. ಆಗ ಕೆಪಾಸಿಟರ್ ಖಾಲಿಯಾಗಿ ಟ್ಯೂಬ್ ಮಿಂಚುತ್ತದೆ.

ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಎರಡು ಸುತ್ತಿಗೆ ಒಮ್ಮೆ ಈ ಕಿಡಿ. ಇಂಜಿನ್ ನಿಮಿಷಕ್ಕೆ 3000 ಸುತ್ತಿನಲ್ಲಿ ಓಡುತ್ತಿದ್ದರೆ ಸೆಕೆಂಡಿಗೆ 25 ಮಿಂಚು. ಪ್ರತಿ ಮಿಂಚೂ ಇಂಜಿನ್ ಮುಂದಿನ ಪುಲ್ಲಿ ಅದೇ ಜಾಗಕ್ಕೆ ಬಂದಾಗ ಬೀಳುವುದರಿಂದ ತಿರುಗುವ ಪುಲ್ಲಿಯ ಗುರುತು ನಿಂತ ಹಾಗೆ ಕಾಣುತ್ತದೆ.

ಎರಡೇ ವಯರ್ ಇದ್ದು ಬ್ಯಾಟರಿ ಕ್ಲಿಪ್ ಇಲ್ಲದಿದ್ದರೆ ಅದು ಇನ್ನೂ ಹಳೆಯ ನಿಯಾನ್ ಲೈಟ್. ಅದರಲ್ಲಿ ವಯರ್ ಮತ್ತು ನಿಯಾನ್ ಬಲ್ಬ್ ಬಿಟ್ಟರೆ ರಿಪೇರಿಗೆ ಜಾಸ್ತಿ ಏನೂ ಇಲ್ಲ. ಕೆಂಪು, ಕಪ್ಪು ಬ್ಯಾಟರಿ ಕ್ಲಿಪ್‌ಗಳ ಜೊತೆ ಪ್ಲಗ್ ವಯರ್‌ಗೆ ಹಾಕುವ ಮೂರನೇ ಕೇಬಲ್ ಇದ್ದರೆ ಅದು ಕ್ಸೆನಾನ್ ಲೈಟ್. ಮುಂದಿನ ಮಾತೆಲ್ಲ ಅದರದ್ದೇ.

ಸ್ಕ್ರೂ ಬಿಚ್ಚುವ ಮೊದಲು

ಇದನ್ನು ದಯವಿಟ್ಟು ಎರಡು ಸಲ ಓದಿ. ಬ್ಯಾಟರಿಯಿಂದ ತೆಗೆದ ಮೇಲೂ ಒಳಗಿನ ಕೆಪಾಸಿಟರ್ 400 ವೋಲ್ಟ್ ಹಿಡಿದುಕೊಂಡು ಕೂತಿರಬಹುದು. 10 ಕಿಲೋಓಮ್, 5 ವ್ಯಾಟ್‌ನ ಒಂದು ರೆಸಿಸ್ಟರ್ ತಂದು ಅದರ ಎರಡು ಕಾಲಿಗೂ ಚೆನ್ನಾಗಿ ಇನ್ಸುಲೇಷನ್ ಇರುವ ವಯರ್ ಬೆಸೆದುಕೊಳ್ಳಿ. ಮೈ ಬಿಚ್ಚಿದ ಕೂಡಲೇ ಬೇರೇನೂ ಮುಟ್ಟದೆ, ಒಂದೇ ಕೈಯಲ್ಲಿ, ಆ ವಯರ್‌ಗಳನ್ನು ಕೆಪಾಸಿಟರ್‌ನ ಎರಡು ತುದಿಗೆ ಕೆಲವು ಸೆಕೆಂಡ್ ಹಿಡಿಯಿರಿ. ಆಮೇಲೆ ಮಲ್ಟಿಮೀಟರ್ ಇಟ್ಟು ಸೊನ್ನೆ ತೋರಿಸುತ್ತದಾ ನೋಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಶಾರ್ಟ್ ಮಾಡುವ ಅಭ್ಯಾಸ ಹಲವರಿಗೆ ಉಂಟು. ಅದು ಬೇಡ. ಕಿಡಿ ಹಾರುತ್ತದೆ, ಕೆಪಾಸಿಟರ್‌ಗೂ ಪೆಟ್ಟು. ಪವರ್ ಕೊಟ್ಟು ಪರೀಕ್ಷೆ ಮಾಡಿದ ಪ್ರತಿ ಸಲವೂ ಇದನ್ನು ಮತ್ತೆ ಮಾಡಬೇಕು.

ಮೊದಲು ವಯರ್

ಮಾವನ ಲೈಟಿನ ಕೆಂಪು ಕ್ಲಿಪ್ ನೋಡಲು ಗಟ್ಟಿಯಾಗಿಯೇ ಇತ್ತು. ಆದರೆ ಕ್ಲಿಪ್‌ನಿಂದ ಒಂದು ಇಂಚು ಹಿಂದೆ ವಯರ್ ಬಗ್ಗಿಸಿದರೆ ಒಳಗೆ ಸಣ್ಣಗೆ ಚರಚರ ಎಂದಿತು. ರಬ್ಬರ್ ಸೀಳಿದೆ. ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದು, ಉಗುರು ತಾಗಿದರೆ ಪುಡಿಯಾಗುತ್ತಿದ್ದವು. ಎರಡು ಇಂಚು ಹಿಂದಕ್ಕೆ ಕತ್ತರಿಸಿದೆ. ಅಲ್ಲಿಯೂ ಕಪ್ಪು. ಅರ್ಧ ಅಡಿ ಹೋದ ಮೇಲೆ ಕೆಂಪಗೆ ಹೊಳೆಯುವ ತಾಮ್ರ ಸಿಕ್ಕಿತು.

ಹೀಗೆ ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿ. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ, ಎಷ್ಟು ಫ್ಲಕ್ಸ್ ಹಾಕಿದರೂ ಗುಂಡುಗುಂಡಾಗಿ ಜಾರುತ್ತದೆ. ಉದ್ದ ಕಡಿಮೆಯಾದರೆ ಇಡೀ ವಯರನ್ನೇ ಬದಲಿಸುವುದು ಒಳ್ಳೆಯದು. ಕ್ಲಿಪ್‌ನ ಹಲ್ಲನ್ನು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ. ಮಲ್ಟಿಮೀಟರನ್ನು ಬೀಪ್ ಹೊಡೆಯುವ ಜಾಗಕ್ಕಿಟ್ಟು, ವಯರನ್ನು ಉದ್ದಕ್ಕೂ ಬಗ್ಗಿಸುತ್ತಾ ಪರೀಕ್ಷಿಸಿ. ನಡುವೆ ಬೀಪ್ ತಪ್ಪಿದರೆ ಅಲ್ಲೇ ಒಳಗೆ ತುಂಡಾಗಿದೆ. ಪಿಸ್ತೂಲಿನ ಗುಂಡಿಯನ್ನೂ ಹೀಗೇ ನೋಡಿ. ಒತ್ತಿದಾಗಲೆಲ್ಲ ಬೀಪ್ ಬರಬೇಕು. ಬಾರದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ಒತ್ತಿ ಬಿಡಿ.

ನಂತರ ಕ್ಲ್ಯಾಂಪ್. ಪ್ಲಗ್ ವಯರ್ ಮೇಲೆ ಕಚ್ಚುವ ಈ ತುಂಡಿನೊಳಗೆ ಫೆರೈಟ್ ಎಂಬ ಕಾಂತೀಯ ವಸ್ತುವಿನ ಎರಡು ಹೋಳುಗಳಿರುತ್ತವೆ. ಮುಚ್ಚಿದಾಗ ಅವುಗಳ ಮುಖ ಒಂದಕ್ಕೊಂದು ಪೂರ್ತಿ ತಾಗಬೇಕು. ನಡುವೆ ಕಾಗದದಷ್ಟು ಜಾಗ ಉಳಿದರೂ ಸಿಗ್ನಲ್ ಕುಗ್ಗುತ್ತದೆ. ನಮ್ಮ ಲೈಟಿನ ಎರಡನೇ ತೊಂದರೆ ಇದೇ. ಗ್ರೀಸ್, ಧೂಳು, ಬೂಷ್ಟು ಸೇರಿ ಮುಖದ ಮೇಲೆ ಒಂದು ಪದರ ಕಟ್ಟಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿದರೆ ಸಾಕಾಯಿತು. ಫೆರೈಟ್ ಗಾಜಿನ ಹಾಗೆ, ಕೆಳಗೆ ಬಿದ್ದರೆ ಒಡೆಯುತ್ತದೆ. ಒಡೆದದ್ದು ಎರಡೇ ತುಂಡಾಗಿದ್ದರೆ ಒಂದು ಹನಿ ಸೂಪರ್ ಗ್ಲೂ ಹಾಕಿ ಬಿಗಿಯಾಗಿ ಒತ್ತಿ ಸೇರಿಸಬಹುದು.

ಬಲ್ಬಿನ ಉಪಾಯ

ಎಲೆಕ್ಟ್ರಿಷಿಯನ್‌ಗಳ ಸೀರೀಸ್ ಬೋರ್ಡ್ ನೋಡಿದ್ದೀರಿ ಅಲ್ವಾ? ಅದೇ ಉಪಾಯ ಇಲ್ಲಿಯೂ ನಡೆಯುತ್ತದೆ. ಬ್ಯಾಟರಿಯ ಪಾಸಿಟಿವ್ ಮತ್ತು ಕೆಂಪು ಕ್ಲಿಪ್‌ನ ನಡುವೆ ಕಾರಿನ ಇಂಡಿಕೇಟರ್‌ನ 12 ವೋಲ್ಟ್, 21 ವ್ಯಾಟ್ ಬಲ್ಬ್ ಸೇರಿಸಿ. ಪ್ಲಸ್, ಮೈನಸ್ ತಪ್ಪಬಾರದು. ಉಲ್ಟಾ ಕೊಟ್ಟರೆ ಹಳೆಯ ಲೈಟಿನ ಟ್ರಾನ್ಸಿಸ್ಟರ್ ಆ ಕ್ಷಣವೇ ಹೋಗಬಹುದು.

ಗುಂಡಿ ಒತ್ತಿ. ಬಲ್ಬ್ ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ, ಗುಂಡಿಯಿಂದ ಕೈ ತೆಗೆಯಿರಿ. ಮಂಕಾಗಿ ಉರಿದು, ಒಳಗಿಂದ ಸೊಳ್ಳೆ ಹಾಡಿದಂಥ ಸಣ್ಣ ಕೀರಲು ಸದ್ದು ಬಂದರೆ ಇನ್ವರ್ಟರ್ ಜೀವಂತವಾಗಿದೆ. ಹೊಸ ವಯರ್ ಹಾಕಿ ಗುಂಡಿ ಒತ್ತಿದಾಗ ಆ ಸದ್ದು ಕೇಳಿ ಮಾವ ಕುರ್ಚಿಯಿಂದ ಎದ್ದು ಬಂದರು. ನಿಮಗೂ ಇಲ್ಲೇ ಕೆಲಸ ಮುಗಿಯಬಹುದು.

ಮುಗಿಯದಿದ್ದರೆ ಒಳಗೆ

ಬಲ್ಬ್ ಪೂರ್ತಿ ಉರಿದರೆ ಪವರ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುವುದೇ ಹೆಚ್ಚು. 2ಎನ್ 3055ನಂಥ ಲೋಹದ ಟೋಪಿಯ ಟ್ರಾನ್ಸಿಸ್ಟರ್ ಇದ್ದರೆ ಅದರ ಅಡಿಯಲ್ಲಿ ಅಭ್ರಕದ ತೆಳು ಹಾಳೆ ಇರಬಹುದು. ಹೊಸತು ಕೂರಿಸುವಾಗ ಆ ಹಾಳೆ ಮರಳಿ ಹಾಕಲೇಬೇಕು. ಇನ್ನೂ ಹಳೆಯ ಲೈಟುಗಳಲ್ಲಿ ಜರ್ಮೇನಿಯಂ ಪಿಎನ್‌ಪಿ ಟ್ರಾನ್ಸಿಸ್ಟರ್ ಇರುತ್ತದೆ. ಆ ಜಾಗಕ್ಕೆ ಸಿಲಿಕಾನ್ ಎನ್‌ಪಿಎನ್ ಹಾಕಿದರೆ ನಡೆಯುವುದಿಲ್ಲ.

ಕೀರಲು ಸದ್ದು ಇದ್ದೂ ಮಿಂಚು ಇಲ್ಲದಿದ್ದರೆ ಮೀಟರನ್ನು 1000 ವೋಲ್ಟ್ ಡಿಸಿಗೆ ಇಟ್ಟು ಟ್ಯೂಬಿನ ಎರಡು ತುದಿಗಳ ನಡುವೆ ಅಳೆಯಿರಿ. ವೋಲ್ಟೇಜ್ ಇಲ್ಲ ಅಂದರೆ ಡಯೋಡ್ ಅಥವಾ ಕೆಪಾಸಿಟರ್. ಡಯೋಡ್‌ಗೆ 1ಎನ್ 4007ಕ್ಕಿಂತ ಯುಎಫ್ 4007 ಹಾಕಿ, ಇನ್ವರ್ಟರ್‌ನ ವೇಗಕ್ಕೆ ಅದೇ ಸರಿ. ಕೆಪಾಸಿಟರ್ ಬದಲಿಸುವಾಗ ಎಷ್ಟು ಮೈಕ್ರೊಫ್ಯಾರಡ್ ಇತ್ತೋ ಅಷ್ಟೇ ಇರಲಿ, 630 ವೋಲ್ಟ್‌ನ ಫಿಲ್ಮ್ ಕೆಪಾಸಿಟರ್ ಆಗಲಿ. ಬೆಳಕು ಜಾಸ್ತಿ ಬರಲಿ ಅಂತ ದೊಡ್ಡದು ಹಾಕಿದರೆ ಟ್ಯೂಬ್ ಬಿಸಿಯಾಗಿ ಬೇಗ ಸಾಯುತ್ತದೆ.

ವೋಲ್ಟೇಜ್ ಸರಿಯಿದ್ದರೆ ಟ್ಯೂಬಿಗೆ ಏಟು ಕೊಡುವ ಟ್ರಿಗರ್ ಕಾಯಿಲ್, ಆ ಏಟನ್ನು ಹೊರಡಿಸುವ ಸ್ವಿಚ್ಚಿನಂಥ ಎಸ್‌ಸಿಆರ್, ಟ್ಯೂಬ್ ನೋಡಿ. ಟ್ಯೂಬಿನ ತುದಿ ತುಂಬಾ ಕಪ್ಪಾಗಿದ್ದರೆ ಆಯುಷ್ಯ ಮುಗಿಯುತ್ತಾ ಬಂದಿದೆ. ಕೂದಲೆಳೆಯಷ್ಟು ಬಿರುಕು ಬಿಟ್ಟು ಗಾಳಿ ಹೊಕ್ಕಿದ್ದರೆ ಅದು ಇನ್ನು ಮಿಂಚುವುದಿಲ್ಲ.

ಗಾಡಿಯ ಮೇಲೆ

ಪುಲ್ಲಿಯ ಗುರುತನ್ನು ಒರೆಸಿ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. ಅಂಬಾಸಿಡರ್, ಪದ್ಮಿನಿ ಎರಡರಲ್ಲೂ ಒಂದನೇ ಸಿಲಿಂಡರ್ ರೇಡಿಯೇಟರ್ ಕಡೆಗಿದೆ. ಕಿಡಿಯ ಸರದಿ 1-3-4-2. ಕ್ಲ್ಯಾಂಪನ್ನು ಒಂದನೇ ಪ್ಲಗ್ ವಯರ್‌ಗೆ, ಬಾಣದ ಗುರುತು ಪ್ಲಗ್ ಕಡೆಗೆ ಬರುವಂತೆ, ಬೇರೆ ವಯರ್‌ಗಳಿಂದ ದೂರ ಹಾಕಿ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪ್ (ಎರಡು ಕಾಂಟ್ಯಾಕ್ಟುಗಳ ನಡುವಿನ ಜಾಗ) ಮೊದಲೇ ಸರಿ ಮಾಡಿಕೊಂಡಿರಬೇಕು, ಏಕೆಂದರೆ ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ವ್ಯಾಕ್ಯೂಮ್ ಪೈಪ್ ಇದ್ದರೆ ಕಳಚಿ ಬಾಯಿ ಮುಚ್ಚಿ. ಎಷ್ಟು ಡಿಗ್ರಿ ಎಂಬುದನ್ನು ನಿಮ್ಮ ಗಾಡಿಯ ಮ್ಯಾನುಯಲ್ ನೋಡಿಯೇ ಇಡಿ.

ಈ ಬೆಳಕಿನಲ್ಲಿ ಫ್ಯಾನ್ ಕೂಡ ನಿಂತಂತೆ, ನಿಧಾನ ತಿರುಗಿದಂತೆ ಕಾಣಬಹುದು. ಅದು ನಿಂತಿಲ್ಲ. ಕೈ, ಲುಂಗಿ, ವಯರ್ ಎಲ್ಲವೂ ದೂರ ಇರಲಿ.

ಆಕ್ಸಲರೇಟರ್ ಸ್ವಲ್ಪ ಕೊಟ್ಟಾಗ ಗುರುತು ಮೆಲ್ಲಗೆ ಅಡ್ವಾನ್ಸ್ (ಕಿಡಿ ಬೇಗ ಹಾರುವ) ಕಡೆಗೆ ಸರಿಯಬೇಕು. ಆಗ ಡಿಸ್ಟ್ರಿಬ್ಯೂಟರ್‌ನ ಒಳಗಿನ ತೂಕಗಳೂ ಸರಿಯಾಗಿವೆ ಎಂದು ಗೊತ್ತಾಗುತ್ತದೆ. ಗುರುತು ಸರಿಯದೆ, ಮಿಂಚೇ ಆಗಾಗ ತಪ್ಪುತ್ತಿದ್ದರೆ ಮತ್ತೆ ಕ್ಲ್ಯಾಂಪ್‌ನಿಂದ ಶುರು ಮಾಡಿ.

ಕೆಲಸ ಮುಗಿದ ಮೇಲೆ ವಯರನ್ನು ಲೈಟಿನ ಮೈಗೆ ಬಿಗಿಯಾಗಿ ಸುತ್ತಬೇಡಿ, ತುಂಡಾಗುವುದು ಹಾಗೆಯೇ. ದೊಡ್ಡ ಸುರುಳಿ ಮಾಡಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ. ಮಾವನ ಲೈಟ್ ಈ ಮಳೆಗಾಲ ಅಟ್ಟಕ್ಕೆ ಹೋಗಲಿಲ್ಲ. ಅಡುಗೆಮನೆಯಲ್ಲಿ ಹಪ್ಪಳದ ಡಬ್ಬಿಗಳ ಸಾಲಿನಲ್ಲಿ, ಬೆಚ್ಚಗೆ ಕೂತಿದೆ.